ಹಿಂದೆಯೇ ನಿಲ್ಲುವ ಆಟಗಾರನ ಮೇಲೆ ಅನುಮಾನ

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೊಮ್ಮಗಳು ಕೋಟೇಶ್ವರದ ನಮ್ಮ ಮನೆಗೆ ಬಂದು ಕುಳಿತಾಗ, ಪಾಪ ಅವಳಿಗೆ ನೋವು, ನನಗೆ ಮಾತ್ರ ಹಬ್ಬ. ಆದರೆ ಅವಳ ಕಂಪ್ಯೂಟರಿನ ಫುಟ್‌ಬಾಲ್ ತಂಡದ ಮೇಲೆ ನನಗೆ ನಂಬಿಕೆಯೇ ಹುಟ್ಟಲಿಲ್ಲ. ಆ ಆಟದಲ್ಲಿ ಅವಳು ಚೆಂಡು ಒದೆಯುವುದಿಲ್ಲ, ಅವಳು ಮ್ಯಾನೇಜರು. ಯಾರು ಎಲ್ಲಿ ನಿಲ್ಲಬೇಕು, ಯಾರು ದಾಳಿಗೆ ಹೋಗಬೇಕು, ಯಾರು ಕಾಯಬೇಕು ಎಂದು ಕೆಲಸ ಹಂಚುತ್ತಾಳೆ. ಆಮೇಲೆ ಅವರು ತಾವೇ ಆಡಿಕೊಳ್ಳುತ್ತಾರೆ. ಕೊನೆಯ ಪಂದ್ಯ ಸೋತರೆ ಇವಳನ್ನೇ ತೆಗೆದುಹಾಕುತ್ತೇವೆ ಎಂದು ಆಟದೊಳಗಿನ ತಂಡದ ಯಜಮಾನರು ಹೇಳಿದ್ದರು. ಸಮವಾದರೂ ಸಾಕಿತ್ತು.

ನಾನು ಶಾಲೆಗೆ ಹೋದದ್ದು ಅಷ್ಟಕ್ಕಷ್ಟೆ. ಕಡಲ ದಡದಲ್ಲಿ ಊರವರೆಲ್ಲ ಸೇರಿ ರಂಪಣಿ ಬಲೆ ಎಳೆಯುವುದನ್ನು ನೋಡುತ್ತಾ ಬೆಳೆದವಳು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು, ಸುಮ್ಮನೆ ನಿಂತವನಿಗೆ ಇಲ್ಲ. ಹಾಗಾಗಿ ಮೈದಾನದ ನಡುವೆ ಅಲ್ಲಲ್ಲೇ ಸುತ್ತುತ್ತಿದ್ದ ಒಬ್ಬನ ಮೇಲೆ ನನ್ನ ಕಣ್ಣು ಬಿತ್ತು. ಉಳಿದವರೆಲ್ಲ ಮುಂದೆ ಓಡಿದರೂ ಇವನು ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಎದುರು ತಂಡದವರ ಹತ್ತಿರ ಒಳಗಿಂದೊಳಗೆ ಏನೋ ಮಾತಾಗಿದೆ ಎಂದೇ ನನಗೆ ಅನಿಸಿತು.

"ಇವ ಎಂತಕೆ ಮುಂದ್ ಹೋತಿಲ್ಲ?"

"ಅವ್ನ್ ಕೆಲ್ಸ್ವೇ ಅದ್, ಅಮ್ಮಮ್ಮ. ಹಿಂದ್ ನಿಂತ್ ಕಾಯುದ್."

"ಕಾಯುಕೆ ಎಂತ, ಗದ್ದೆಗ್ ಹಂದಿ ಬತ್ತಾ?"

ಕೊನೆಯ ಪಂದ್ಯದಲ್ಲಿ ಇವಳ ತಂಡ ಒಂದು ಗೋಲು ಮುಂದಿತ್ತು. ಆದರೂ ನಾನು ಬಿಡಲಿಲ್ಲ. ನನ್ನ ಕಾಟ ತಡೆಯಲಾರದೆ ಅವಳು ಅವನಿಗೆ ದಾಳಿಯ ಕೆಲಸ ಕೊಟ್ಟಳು. ಅವನು ಮುಂದೆ ಹೋದನೋ ಇಲ್ಲವೋ, ಅವನು ಬಿಟ್ಟ ಜಾಗದಿಂದಲೇ ಎದುರಿನವರು ನುಗ್ಗಿ ಗೋಲು ಹೊಡೆದರು. ಪಂದ್ಯ ಸಮವಾಯಿತು. ಮೊಮ್ಮಗಳು ನನ್ನ ಮುಖ ನೋಡಲಿಲ್ಲ, ಅವನನ್ನು ಸುಮ್ಮನೆ ಹಿಂದಕ್ಕೆ ಕರೆದಳು. ಅಲ್ಲಿಂದ ಮುಂದೆ ಬಂದ ಬಂದ ಚೆಂಡಿಗೆಲ್ಲ ಅವನ ಕಾಲು ಅಡ್ಡ. ನಾನು ಅವನನ್ನೇ ನೋಡುತ್ತಿದ್ದೆ, ಎಲ್ಲಿ ಕೈಕೊಡುತ್ತಾನೋ ಎಂದು. ಕೊಡಲಿಲ್ಲ.

ಪಂದ್ಯ ಸಮದಲ್ಲೇ ಮುಗಿಯಿತು. ಪ್ಲಾಸ್ಟರ್ ಕಾಲು ಮರೆತು ಅವಳನ್ನು ತಬ್ಬಿಕೊಂಡೆ, ಅವಳು ನೋವಿನಲ್ಲೂ ನಕ್ಕಳು. ಅಷ್ಟರಲ್ಲಿ ಯಜಮಾನರ ಸಂದೇಶ ಬಂತು. ಮ್ಯಾನೇಜರ್ ಮೇಲೆ ತಮಗೆ ಪೂರ್ಣ ವಿಶ್ವಾಸವಂತೆ.

"ಮೊನ್ನೆ ಹೊರಗ್ ಹಾಕ್ತೊ ಅಂದವ್ರ್ ಇವ್ರೇ ಅಲ್ದಾ? ನಂಬುಕಾಗ ಮಗಾ," ಎಂದೆ.

ಹಾಗಾದರೆ ಬೇರೆ ತಂಡ ನೋಡಲೇ ಎಂದು ಅವಳು ಕೇಳಿದಳು.

"ಕಾಣ್. ಹೋಪ ಹೊತ್ತಿಗೆ ಆ ಹಿಂದ್ ನಿಂತವ್ನನ್ನೂ ಕರ್ಕಂಡ್ ಹೋಗ್."