ಶಂಕ್ರಪ್ಪನ ಮಧ್ಯಾಹ್ನ

ಸವಣೂರಿನ ಎಲೆತೋಟದ ಶಂಕ್ರಪ್ಪನಿಗೆ ಊರವರು ಇಟ್ಟ ಹೆಸರು ಕಾಯ್ದೆ ಶಂಕ್ರಪ್ಪ. ಅವನು ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ಆದರೆ ಎಂಥ ನಿಯಮವನ್ನು ಕೊಟ್ಟರೂ ಅದು ತನ್ನ ತೋಟದ ಕಡೆಗೇ ವಾಲುವಂತೆ ಅರ್ಥ ಹೇಳುವುದರಲ್ಲಿ ಎತ್ತಿದ ಕೈ.

ಅವನಿಗೂ ಪಕ್ಕದ ತೋಟದ ವಿಧವೆ ಮಾಬೂಬಿಗೂ ಒಂದೇ ಬಾವಿ. ಹಿರಿಯರ ಕರಾರು ಸರಳವಾಗಿತ್ತು: ಹೊತ್ತು ಮೂಡಿದಾಗಿನಿಂದ ಮಧ್ಯಾಹ್ನದವರೆಗೆ ಒಬ್ಬರ ಎತ್ತು ನೀರೆಳೆಯಬೇಕು, ಅಲ್ಲಿಂದ ಹೊತ್ತು ಮುಳುಗುವವರೆಗೆ ಇನ್ನೊಬ್ಬರದು. ಮುಂಜಾನೆಯ ಪಾಳಿ ಶಂಕ್ರಪ್ಪನದು. ಮಧ್ಯಾಹ್ನ ಯಾವಾಗ ಅನ್ನುವುದನ್ನು ಹಿರಿಯರು ಹೇಳಿರಲಿಲ್ಲ. ಪಾಪ, ಇಂಥ ಮೊಮ್ಮಗ ಹುಟ್ಟುತ್ತಾನೆಂದು ಅವರಿಗೇನು ಗೊತ್ತು! "ಉಂಡು ಎದ್ದ ಮ್ಯಾಲೆ ಮಧ್ಯಾಹ್ನ" ಎಂಬುದು ಶಂಕ್ರಪ್ಪನ ಅರ್ಥ. ಅವನ ಊಟವೋ ದಿನದಿನಕ್ಕೆ ತಡವಾಗುತ್ತಿತ್ತು.

೧೯೪೧ರ ಬೇಸಿಗೆಯಲ್ಲಿ ಮಾಬೂಬಿಯ ಬಳ್ಳಿ ಹಳದಿಗೆ ತಿರುಗಿತು. ಆ ತೋಟ ಬಿಟ್ಟರೆ ಅವಳಿಗೆ ಬೇರೆ ಗತಿಯಿರಲಿಲ್ಲ. ಅವಳು ಜಗಳಕ್ಕೆ ನಿಲ್ಲಲಿಲ್ಲ. ನಾಲ್ಕು ಮಂದಿ ಕೂತಿದ್ದ ಕಟ್ಟೆಗೆ ಬಂದು ನಗುತ್ತಲೇ ಹೇಳಿದಳು:

"ಶಂಕ್ರಪ್ಪಣ್ಣಾ, ಮಧ್ಯಾಹ್ನ ಯಾವಾಗಂತ ನೀವ ಹೇಳ್ರಿ, ನಾ ಒಪ್ತೇನಿ. ಆದ್ರ ಯಾವ ಪಾಳಿ ಯಾರಿಗೆ ಅಂತ ನಾ ಆರಿಸ್ತೇನಿ."

ಕಟ್ಟೆಯವರು ತಲೆದೂಗಿದರು. ಶಂಕ್ರಪ್ಪನೂ ಹುರುಪಿನಲ್ಲಿ "ಆತು ತಂಗಿ, ನಾಳೆ ಹೇಳ್ತೇನಿ" ಎಂದುಬಿಟ್ಟ.

ಮನೆಗೆ ಬಂದ ಮೇಲೆ ಪೇಚಾಟ ಶುರುವಾಯಿತು. ಮಧ್ಯಾಹ್ನ ತಡವಾಗಿ ಅಂದರೆ ಅವಳು ಮುಂಜಾನೆಯ ಪಾಳಿ ಹಿಡಿಯುತ್ತಾಳೆ. ಬೇಗ ಅಂದರೆ ಸಂಜೆಯದನ್ನು ಬಿಡುವುದಿಲ್ಲ. ಯಾವ ಕಡೆ ಜಗ್ಗಿದರೂ ಒಣಗುವುದು ತನ್ನ ಬಳ್ಳಿಯೇ. "ಉಣ್ಣಾಕ ಬರ್ರಿ" ಎಂದು ಕರೆದ ಹೆಂಡತಿ ಸುಶೀಲವ್ವನ ಮೇಲೆ, "ಊಟದ ಸುದ್ದಿ ತಗೀಬ್ಯಾಡ!" ಎಂದು ಹರಿಹಾಯ್ದ.

ಮರುದಿನ ಬಾವಿಯ ಬಳಿ ಗೂಟ ನೆಟ್ಟು ಬಿಸಿಲಲ್ಲೇ ಕೂತ. ನೆರಳು ಸರಿದು ಸರಿದು ಗೂಟದ ಬುಡ ಸೇರಿದಾಗ ಮಾಬೂಬಿಯನ್ನು ಕೂಗಿ ಕರೆದ. "ಇದ ನೋಡವಾ ಮಧ್ಯಾಹ್ನ." ಕರಾರನ್ನು ಯಾರ ಕಡೆಗೂ ವಾಲದಂತೆ ಅವನು ಓದಿದ್ದು ಜೀವಮಾನದಲ್ಲಿ ಅದೇ ಮೊದಲು.

"ಮತ್ತ ಯಾವ ಪಾಳಿ ಬೇಕು ನಿನಗ?" ಎಂದು ಕೇಳಿದ.

"ಮುಂಜಾನಿದು ನಿಮ್ದ ಇರ್ಲಿ ಬಿಡ್ರಿ ಅಣ್ಣಾ. ಈಗ ಎರಡೂ ಒಂದ."

ಶಂಕ್ರಪ್ಪನಿಗೆ ನಾಚಿಕೆಯೂ ಆಯಿತು, ಜೀವ ಹಗುರವೂ ಆಯಿತು. ಆ ವರ್ಷ ಎರಡೂ ತೋಟ ಹಸಿರಾಗಿದ್ದವು.

ಆಮೇಲೆ ಅವನ ಬಳಿ ಅರ್ಥ ಕೇಳಲು ಬರುವವರು ಮೊದಲಿಗಿಂತ ಹೆಚ್ಚಾದರು. ಬಂದವನು ತನ್ನ ಅಹವಾಲು ತೆಗೆದರೆ ಸಾಕು, ಶಂಕ್ರಪ್ಪ ಕೈಯೆತ್ತಿ ತಡೆಯುತ್ತಿದ್ದ: "ನೀ ಯಾವ ಕಡಿಯಾಂವ ಅಂತ ಹೇಳಬ್ಯಾಡ. ಮೊದ್ಲ ನಿಯಮದ ಅರ್ಥ ನೀನ ಹೇಳು. ನಿನ್ನ ಕಡೆ ಯಾವುದಂತ ಮಾಬೂಬಿ ಆರಿಸ್ತಾಳ."