ಮಾಕಳಿಯ ಮಹಾದೇವಿ ಜೂಡೊ ಆಡಿದ್ದು

ಮಾಕಳಿ ಜೂಡೊ ಕ್ಲಬ್ಬಿನ ಮಹಾದೇವಿ ಎರಡು ವರ್ಷ ಜಿಲ್ಲಾ ಪಂದ್ಯಕ್ಕೆ ಹೋದಳು. ಎರಡು ವರ್ಷವೂ ಮೊದಲ ಸುತ್ತಿನಲ್ಲೇ ವಾಪಸು ಬಂದಳು. ಅವಳನ್ನು ಯಾರೂ ಕೆಡವಿರಲಿಲ್ಲ. ಅವಳೇ ಎದುರಾಳಿಯ ಕಾಲಿಗೆ ಕೈಹಾಕಿ ಹೊರಬಿದ್ದಿದ್ದಳು.

ಜೂಡೊದಲ್ಲಿ ಅಂಗಿಯ ಕಾಲರ್ ಹಿಡಿಯಬಹುದು, ತೋಳು ಹಿಡಿಯಬಹುದು. ಕೈಯಿಂದ ಕಾಲು ಹಿಡಿದರೆ ತಪ್ಪು. ಮೂರು ತಪ್ಪಾದರೆ ಆಟ ಮುಗಿಯಿತು. ಇದು ಮಹಾದೇವಿಗೆ ಬಾಯಿಪಾಠವಾಗಿತ್ತು, ಕೈಗೆ ಮಾತ್ರ ಗೊತ್ತಿರಲಿಲ್ಲ. ಅವಳು ಜಮಖಂಡಿ ಕಡೆಯ ಪೈಲ್ವಾನ್ ಮಲಕಪ್ಪನ ಮಗಳು. ಗರಡಿಯ ಕೆಮ್ಮಣ್ಣಿನಲ್ಲಿ ಅಪ್ಪ ಅವಳಿಗೆ ಮೊದಲು ಕಲಿಸಿದ್ದೇ ಕಾಲು ಎಳೆಯುವುದನ್ನು.

ಕ್ಲಬ್ಬು ಅಂದರೆ ಮುನಿಕೃಷ್ಣನ ಕಟ್ಟಡದ ಕೆಳಗಿನ ಗೋಡೌನು. ಮುನಿಕೃಷ್ಣ ವಯಸ್ಸಿನಲ್ಲಿದ್ದಾಗ ಜೂಡೊ ಆಡಿದವನು. ರಾಗಿ ಹೊಲವಿದ್ದ ಜಾಗದಲ್ಲಿ ನಾಲ್ಕು ಮಹಡಿ ಎಬ್ಬಿಸಿ, ಕೆಳಗಿನದೊಂದನ್ನು ಬಾಡಿಗೆಗೆ ಕೊಡದೆ ಮ್ಯಾಟು ಹಾಸಿದ್ದ. ಮೂರನೇ ಮಹಡಿಯ ಒಂದು ರೂಮಿನಲ್ಲಿ ಮಹಾದೇವಿ ಮತ್ತು ಅವಳವ್ವ ಮುದುಕವ್ವ ಇದ್ದರು. ಹಗಲು ಮಹಾದೇವಿ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಶರಟಿಗೆ ಕಾಲರ್ ಕೂಡಿಸುತ್ತಿದ್ದಳು, ಸಂಜೆ ಮ್ಯಾಟಿಗೆ ಇಳಿಯುತ್ತಿದ್ದಳು.

ಮುನಿಕೃಷ್ಣನ ಫೋನಿನಲ್ಲಿ ಬಲ್ಗೇರಿಯಾದ ಚಾಂಪಿಯನ್ ಒಬ್ಬಳ ಪಂದ್ಯಗಳಿದ್ದವು. ಅವಳು ಸೋತ ಮೊದಲ ಪಂದ್ಯದಿಂದ ಕೊರಳಿಗೆ ಚಿನ್ನ ಬಿದ್ದ ಪಂದ್ಯದವರೆಗೆ ಎಲ್ಲವೂ.

"ನೋಡಮ್ಮಾ ಮಹಾದೇವಿ. ಇವ್ಳ ಕೈ ಯಾವತ್ತಾದ್ರೂ ಕೆಳಕ್ಕೆ ಓಯ್ತದಾ?"

ಮುದುಕವ್ವನೂ ಬಗ್ಗಿ ನೋಡಿದಳು. "ಹುಡುಗಿ ಚಲೋ ಉಂಡಾಳ. ಆದ್ರ ಆ ಕಾಲ ಹಂಗ ಮುಂದ ಇಟ್ಟಾಳಲ್ಲ, ಒಮ್ಮೆ ಎಳದ್ರ ಬಿದ್ದಾ ಬೀಳತಾಳ."

"ಅಮ್ಮಾ, ನೀವೊಂಚೂರು ಸುಮ್ಕಿರಿ!"

ಮೂರನೇ ವರ್ಷ ಮುನಿಕೃಷ್ಣ ಖಡಾಖಂಡಿತವಾಗಿ ಹೇಳಿಬಿಟ್ಟ. "ಒಂದು ತೂಕಕ್ಕೆ ಕ್ಲಬ್ಬಿಂದ ಒಂದೇ ಎಸ್ರು. ಈ ಸಲಾನೂ ಕಾಲ್ ಇಡ್ದು ಬಂದ್ರೆ ಮುಂದಿನ್ ವರ್ಸದಿಂದ ನಿನ್ ತೂಕದ್ದೇ ಆ ಚಿಕ್ಕುಡ್ಗಿ ಯಮುನಾನ ಕಳಿಸ್ತೀನಿ. ನಿಂಗೂ ಇಪ್ಪತ್ತೇಳಾಯ್ತು."

ಮಹಾದೇವಿ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. "ಏನ್ ಮಾಡ್ಲಿ ಸರ, ಕೈ ತಾನಾ ಹೋಗ್ತೈತ್ರೀ."

"ದಿನಕ್ಕೆ ಎಷ್ಟು ಕಾಲರ್ ಒಲೀತೀಯಾ?"

"ನಾಕನೂರು."

"ಒಂದಾದ್ರೂ ಮರ್ತು ಪ್ಯಾಂಟಿಗೆ ಒಲ್ದಿದ್ದೀಯಾ?"

ಮಹಾದೇವಿ ನಕ್ಕುಬಿಟ್ಟಳು. ಮರುದಿನದಿಂದ ಪ್ರತಿ ಕಾಲರನ್ನೂ ಎರಡು ಸಲ ಜಗ್ಗಿ ಆಮೇಲೆ ಹೊಲಿಯತೊಡಗಿದಳು. "ಶರ್ಟ್ ಜೊತೆ ಜಗಳ ಏನಮ್ಮ ನಿಂದು?" ಅಂತ ಸೂಪರ್‌ವೈಸರ್ ಬೈದ.

ಪಂದ್ಯದ ದಿನ ಅವಳು ಮೂರು ಸುತ್ತು ಗೆದ್ದಳು. ಕೈ ಒಮ್ಮೆಯೂ ಇಳಿಯಲಿಲ್ಲ. ಫೈನಲ್ಲಿಗೆ ಎದುರಾದವಳು ನೀಲಾಂಬಿಕಾ, ಗದಗಿನ ಕಡೆಯವಳು, ವೈಟ್‌ಫೀಲ್ಡಿನಲ್ಲಿ ಸೆಕ್ಯುರಿಟಿ ಕೆಲಸ. ಆಳು ಎಮ್ಮೆಯಂತೆ ಗಟ್ಟಿ. ಗೆದ್ದವಳು ರಾಜ್ಯದ ಪಂದ್ಯಕ್ಕೆ.

ನೀಲಾಂಬಿಕಾ ಎರಡು ಸಲ ಗೆರೆ ದಾಟಿ ಎರಡು ತಪ್ಪು ಹೊತ್ತಳು. ಮಹಾದೇವಿ ಮುಂದೆ ನುಗ್ಗದೆ ನಿಂತಿದ್ದಕ್ಕೆ ಒಂದು ತಪ್ಪು. ಆಮೇಲೆ ಕೈ ಜಾರಿ ಕಾಲಿಗೆ ಹೋಗಿ ಇನ್ನೊಂದು. ಮುನಿಕೃಷ್ಣ ಹಣೆ ಚಚ್ಚಿಕೊಂಡ. ಈಗ ಇಬ್ಬರಿಗೂ ಎರಡೆರಡು. ಇನ್ನೊಂದು ಮಾಡಿದವಳು ಹೊರಗೆ.

ಆಗ ನೀಲಾಂಬಿಕಾಳ ಬಲಗಾಲು ಮುಂದೆ ಬಂತು, ಬಾ ಹಿಡಿ ಅನ್ನುವ ಹಾಗೆ. ಕಾಲರ್ ಹಿಡಿದಿದ್ದ ಮಹಾದೇವಿಯ ಬೆರಳು ಸಡಿಲಾದವು. ಅದೇ ಹೊತ್ತಿಗೆ ನೋಡುವವರ ಸಾಲಿನಲ್ಲಿದ್ದ ಮುದುಕವ್ವ ಸೆರಗು ಸಿಕ್ಕಿಸಿಕೊಂಡು ಎದ್ದುನಿಂತು, ಊರ ಕುಸ್ತಿ ಕಣಕ್ಕೆಲ್ಲ ಕೇಳಿಸುತ್ತಿದ್ದ ದನಿಯಲ್ಲಿ ಒದರಿದಳು.

"ಕಾಲ್ ಹಿಡೀ! ಕಾಲ್ ಹಿಡದ್ ಎಳೀ!"

ಮಹಾದೇವಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಕಾಲರಿಗೇ ಜೋತುಬಿದ್ದಳು. ಮೊಣಕಾಲಿಗೆ ಏನೋ ಬಿಗಿದಂತಾಯಿತು. ಕಣ್ಣುಬಿಟ್ಟರೆ ನೀಲಾಂಬಿಕಾ ಎರಡೂ ಕೈಯಲ್ಲಿ ಅವಳ ಕಾಲು ತಬ್ಬಿ ಕೂತಿದ್ದಳು.

ರೆಫರಿ ಆಟ ನಿಲ್ಲಿಸಿದ. ನೀಲಾಂಬಿಕಾಗೆ ಮೂರನೇ ತಪ್ಪು.

"ನಮ್ಮಪ್ಪ ಪೈಲ್ವಾನ್ ಇದ್ದಾನ ಅಕ್ಕಾ," ಎಂದಳು ನೀಲಾಂಬಿಕಾ, ಅಳುವುದೋ ನಗುವುದೋ ತಿಳಿಯದೆ. "ಯಾರೋ ಹಿಡಿ ಅಂದ್ರು, ಹಿಡದಬಿಟ್ಟೆ."

ಮಹಾದೇವಿ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. "ನಾನೂ ಎರಡ ವರ್ಷ ಹಿಂಗಾ ಹೊರಗ ಹೋಗೇನಿ ತಂಗಿ. ಏಳು."

ಮುನಿಕೃಷ್ಣ ಕುಣಿಯುತ್ತಲೇ ಮುದುಕವ್ವನ ಹತ್ತಿರ ಓಡಿದ. "ಅಮ್ಮಾ, ಮಗ್ಳು ಸ್ಟೇಟಿಗೆ ಓಯ್ತಾಳೆ!"

ಮುದುಕವ್ವನ ಮುಖ ಮಾತ್ರ ಗಂಟಾಗಿತ್ತು.

"ಹೋಗ್ಲಿ ಬಿಡ್ರೀ. ನಾ ಒದರಿದ್ದು ನನ್ನ ಮಗಳಿಗೆ. ಮಾತ ಕೇಳಿದಾಕಿ ಮಂದಿ ಮಗಳು."