ಗಿರಿಜವ್ವನ ಮನೆಯ ಚಹಾ

ಕಪ್ಪು-ಬಸಿಗಳ ಕಿಣಿಕಿಣಿ ಸದ್ದು. ಪಡಸಾಲೆಯಲ್ಲಿ ನಾನು ಹೆಂಗಸರ ರಕ್ತ ತೆಗೆಯುತ್ತ ಕುಳಿತಿದ್ದಾಗ ಒಳಗಿನ ಅಡುಗೆಮನೆಯಿಂದ ಬರುತ್ತಿತ್ತು. ಅದು ನನಗೆ ಕೇಳಿಸಿತ್ತು—ಮೊದಲು ಹೇಳಬೇಕಾದದ್ದು ಇದನ್ನೇ. ಎದ್ದು ಹೋಗಿ ನೋಡಿಯೂ ಇದ್ದೆ. ಆಮೇಲೆ, ಏನೂ ನೋಡದವಳ ಹಾಗೆ, ಆ ರಕ್ತವನ್ನು ‘ಫಾಸ್ಟಿಂಗ್’ ರಕ್ತವೆಂದೇ ಬರೆದು ಪ್ರಕಟಿಸಿದೆ. ನನ್ನ ಹೆಸರು ನಿಂತಿರುವುದು ಆ ಸುಳ್ಳಿನ ಮೇಲೆ.

ನಾನು ಸವಣೂರಿನವಳು. ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಉಳಿದ ಆಯುಷ್ಯ ಲ್ಯಾಬಿನಲ್ಲಿ ಕಳೆಯಿತು. ಮೈಯೊಳಗೆ ಸದ್ದಿಲ್ಲದೆ ಕೂತಿರುವ ಉರಿಯೂತ—ಇನ್‌ಫ್ಲಮೇಶನ್—ಸಕ್ಕರೆ ಕಾಯಿಲೆಗೆ ಹೇಗೆ ದಾರಿಯಾಗುತ್ತದೆ ಎಂಬುದು ನನ್ನ ಸಬ್ಜೆಕ್ಟ್. ಹೊಲದಲ್ಲಿ ದುಡಿಯುವ ತೆಳ್ಳಗಿನ ಹೆಂಗಸರಲ್ಲೂ ಹಾಗಾಗುತ್ತದೆಯೇ ಎಂದು ನೋಡಲು ಚಿಕ್ಕೇರೂರು, ಗೊಟಗೋಡಿ ಮುಗಿಸಿ ಕೊನೆಗೆ ತಿಳವಳ್ಳಿಗೆ ಬಂದಿದ್ದೆವು. ಅಲ್ಲಿಯ ಕಮತದ ಮನೆಯಾಕೆ ಗಿರಿಜವ್ವ ತನ್ನ ಪಡಸಾಲೆ ಬಿಟ್ಟುಕೊಟ್ಟಳು. ರಾತ್ರಿ ಊಟವಾದ ಮೇಲೆ ನೀರು ಬಿಟ್ಟು ಏನೂ ಮುಟ್ಟಬೇಡಿ ಎಂದು ಮನೆಮನೆಗೂ ಹೇಳಿ ಬಂದಿದ್ದೆವು. ಸಿಹಿ ಚಹಾ ಒಳಗೆ ಹೋದರೂ ಸಾಕು, ಸಕ್ಕರೆ ಏರಿ ಇಡೀ ಟೆಸ್ಟ್ ವ್ಯರ್ಥ.

ಅಡುಗೆಮನೆಯಲ್ಲಿ ಸೂಜಿಗೆ ಸರದಿ ಕಾಯುವ ಹೆಂಗಸರೆಲ್ಲ ಬಸಿ ಹಿಡಿದು ಕೂತಿದ್ದರು. “ಬರ್ರಿ ಮೇಡಂ,” ಎಂದಳು ಒಬ್ಬಳು, “ಗಿರಿಜಕ್ಕನ ಚಹಾದಾಗ ಸಕ್ರಿಗೆ ಚಮಚ ನಿಂದರತೈತಿ.”

“ಗಿರಿಜವ್ವ, ಬರೀ ಹೊಟ್ಟೆಲೆ ಇರ್ರಿ ಅಂತ ಹೇಳಿದ್ದೆನಲ್ಲ?”

“ಏನೂ ತಿನ್ನಾಕ ಕೊಟ್ಟಿಲ್ರೀ. ಆದ್ರ ನಮ್ಮ ಹೊಸ್ತಿಲಾ ದಾಟಿ ಬಂದಾರ, ರಕ್ತಾ ಬ್ಯಾರೆ ಕೊಡತಾರ. ಒಣಾ ಬಾಯಿಲೆ ಹೆಂಗ ಕಳಸೂದ್ರಿ?”

“ನೀವೂ ಕುಡದ್ರೇನು?”

“ಹ್ಞೂಂ ಮತ್ತ. ಬಂದವರ ಸಂಗಾಟ ಒಂದೊಂದು ಗುಟಕು ನಾನೂ ಕುಡದೇನಿ. ಒಬ್ಬರನ್ನ ಕುಡಿಯಾಕ ಬಿಟ್ರ ನಾಚ್ಕೊಂತಾರ್ರಿ.”

ಅಲ್ಲಿಗೇ ನಿಲ್ಲಿಸಬೇಕಿತ್ತು. ತೆಗೆದ ರಕ್ತವನ್ನೆಲ್ಲ ಚೆಲ್ಲಿ, ಮತ್ತೊಂದು ಮುಂಜಾನೆ ಬರಬೇಕಿತ್ತು—ಬರಬಹುದಿತ್ತು. ನಾನು ದಣಿದಿದ್ದೆ, ಹೊರಗೆ ಜೀಪು ಕಾಯುತ್ತಿತ್ತು... ಇಲ್ಲ, ಅದಲ್ಲ. ರಿಸಲ್ಟ್ ಬಂದಾಗ ದಣಿವೂ ಇರಲಿಲ್ಲ, ಜೀಪೂ ಇರಲಿಲ್ಲ. ಬೇರೆ ಊರುಗಳಲ್ಲಿ ಮಂಕಾಗಿದ್ದ ನನ್ನ ಊಹೆ ತಿಳವಳ್ಳಿಯನ್ನು ಸೇರಿಸಿದೊಡನೆ ಎದ್ದು ನಿಂತಿತು. ಗ್ರಾಫ್ ಎಷ್ಟು ಬ್ಯೂಟಿಫುಲ್ ಆಗಿತ್ತೆಂದರೆ—ಅದರ ಬೆನ್ನಿಗಿದ್ದದ್ದು ಚಹಾ ಎಂದು ಗೊತ್ತಿದ್ದೂ ಅದನ್ನು ನೋಡುತ್ತ ಕೂತೆ. ಪೇಪರ್ ಬಂತು. ಸಮ್ಮೇಳನಗಳಿಗೆ ಕರೆದು ಕರೆದು ಮಾತಾಡಿಸಿದರು. ಅದನ್ನು ನಂಬಿ ಬೇರೆಯವರು ತಮ್ಮ ಕೆಲಸ ಕಟ್ಟಿದರು.

ಅಷ್ಟೇ ಆಗಿದ್ದರೆ ವಿಜ್ಞಾನಕ್ಕೆ ಮಾಡಿದ ಮೋಸ ಎನ್ನಬಹುದಿತ್ತು. ಆದರೆ ರಕ್ತ ಕೊಟ್ಟವರಿಗೆಲ್ಲ ರಿಪೋರ್ಟ್ ಕಳಿಸಿದ್ದೆವು. ಎಲ್ಲರ ಸಂಗಡವೂ ಗುಟುಕರಿಸಿದ ಗಿರಿಜವ್ವನ ಸಕ್ಕರೆ ಎಲ್ಲರಿಗಿಂತ ಮೇಲಿತ್ತು. ಆಕೆ ಅದನ್ನು ಹಾನಗಲ್ಲಿನ ಡಾಕ್ಟರಿಗೆ ತೋರಿಸಿದಳು. ದೊಡ್ಡ ಲ್ಯಾಬಿನ ರಿಪೋರ್ಟು, ಅವರು ಗುಳಿಗೆ ಶುರು ಮಾಡಿದರು. “ಮತ್ತೊಮ್ಮೆ ತಪಾಸಣೆ ಮಾಡಿಸಿರಿ” ಎಂದು ನಾನೊಂದು ಮಾತು ಹೇಳಿದ್ದರೆ... ಹೇಳಿದರೆ ಯಾಕೆ ಎಂದು ಕೇಳುತ್ತಿದ್ದಳು. ಉಳಿದವರೂ ಕೇಳುತ್ತಿದ್ದರು. ಸುಮ್ಮನಾದೆ.

ಆಕೆಗೆ ನಿಜವಾಗಿ ಕಾಯಿಲೆ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ತಿಳಿದುಕೊಳ್ಳದ ಹಾಗೆ ನೋಡಿಕೊಂಡವಳು ನಾನೇ.

ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳಲು, ಕನ್‌ಫೆಷನ್‌ಗೆ, ಹೋದಾಗ ನಾವು ಹೊರಗಿನ ಮೆಟ್ಟಿಲ ಮೇಲೆ ಕಾಯುತ್ತಿದ್ದೆವು. ಹಗುರ ಮುಖ ಹೊತ್ತು ಬರುತ್ತಿದ್ದರು, ನನಗೆ ಹೊಟ್ಟೆಕಿಚ್ಚು. ಈಗ ಬರೆಯುತ್ತಿದ್ದೇನಲ್ಲ, ಹಗುರವೇನೂ ಆಗುತ್ತಿಲ್ಲ. ಪೇಪರನ್ನು ಹಿಂತೆಗೆದುಕೊಳ್ಳಿರೆಂದು ಜರ್ನಲ್ಲಿಗೆ ಬರೆದೆ. ತಿಳವಳ್ಳಿಗೂ ಹೋಗಿ ಉಳಿದ ಹೆಂಗಸರಿಗೆ ಹೇಳಬೇಕು, ಹೋಗುತ್ತೇನೆ. ಗಿರಿಜವ್ವನಿಗೆ ಹೇಳಲಾರೆ. ಆಕೆ ತೀರಿಕೊಂಡಳು.

ಆಕೆಯನ್ನು ಕೊನೆಯ ಸಲ ಕಂಡದ್ದು ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ. ಗುಳಿಗೆ ಒಯ್ಯಲು ಬಂದಿದ್ದಳು, ಮೈ ಇಳಿದಿತ್ತು. ನನ್ನ ಕೈ ಹಿಡಿದು ಕ್ಯಾಂಟೀನಿಗೆ ಎಳೆದುಕೊಂಡು ಹೋಗಿ ಒಂದೇ ಚಹಾ ಹೇಳಿದಳು.

“ನಿಮಗ?” ಎಂದೆ.

“ಬ್ಯಾಡ್ರಿ. ಸಕ್ರಿ ಬಿಟ್ಟ ಮ್ಯಾಲೆ ಚಹಾಕ್ಕ ಕರದಲ್ಲಿಗೂ ಹೋಗೂದಿಲ್ಲ ನಾ. ಸಪ್ಪನ ಚಹಾ ಕುಡಕೋಂತ ಕುಂತ್ರ ಮಂದಿಗೂ ರುಚಿ ಕೆಡತೈತಿ.” ನಕ್ಕಳು. “ನಿಮ್ಮಿಂದ ಲಗೂನ ಗೊತ್ತಾತ್ರಿ ಮೇಡಂ, ಪುಣ್ಯಾ ಬರಲಿ ನಿಮಗ. ನೀವು ಕುಡೀರಿ, ನಾ ನೋಡತೇನಿ.”

ಆಕೆ ನನ್ನೆದುರು ಬರಿಗೈಯಲ್ಲಿ ಕೂತಿದ್ದಳು. ನಾನು ಅಷ್ಟೂ ಚಹಾ ಕುಡಿದೆ. ಆಮೇಲೆ ತಿಳವಳ್ಳಿ ಬಸ್ಸು ಬಂತು.